ಮಿಸೊ ಪೀಪಾಯಿಯ ಹಿಂದಿನ ದೇವರು

೧

ಇದನ್ನು ಎಲ್ಲಿಂದ ಶುರುಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಹೆಣದಿಂದ ಶುರುಮಾಡು ಅನ್ನುತ್ತಾಳೆ ಪಕ್ಕದ ಮನೆಯ ಮಿತ್ಸುಯೊ. ಬಿಸಿನೀರ ಬುಗ್ಗೆಯ ವಸತಿಗೃಹ, ಸ್ನಾನದ ಕೊಳ, ಅದರಲ್ಲಿ ಬೋರಲಾಗಿ ತೇಲುವ ಅಕ್ಕಿ ವ್ಯಾಪಾರಿ. ಆದರೆ ಆ ಹೆಣ ಅವಳು ಓದುತ್ತಿದ್ದ ಪುಸ್ತಕದ್ದು. ಬೇರೆಯವರ ಹೆಣವನ್ನು ನನ್ನ ಅಂಗಳಕ್ಕೆ ತಂದುಕೊಂಡರೆ ಮಣ್ಣು ಮಾಡುವವರು ಯಾರು?

ಹಾಗಾಗಿ ಮೊದಲನೇ ಡ್ರಾಫ್ಟನ್ನು ಒಲೆಗೆ ಹಾಕಿದೆ. ಎರಡನೆಯದು ಮಿಸೊ ಪೀಪಾಯಿಯಿಂದ.

೨

ಬಚ್ಚಿಡುವುದರಲ್ಲಿ ಜಪಾನಿನ ಈ ನಮ್ಮ ಗೊತೊ ದ್ವೀಪದವರನ್ನು ಮೀರಿಸಿದವರಿಲ್ಲ. ಏಸುವಿನ ಹೆಸರೆತ್ತಿದರೆ ತಲೆ ಹೋಗುವ ಕಾಲದಲ್ಲಿ ಹಿರಿಯರು ಅವನ ತಾಯಿ, ಮಾತೆಯ ಮೂರ್ತಿಯನ್ನು ಉಗ್ರಾಣದ ಕತ್ತಲಲ್ಲಿ, ಸಾರಿಗೆ ಹಾಕುವ ಮಿಸೊ ಹುದುಗುವ ಪೀಪಾಯಿಗಳ ಹಿಂದೆ ಇಟ್ಟರು. ಪ್ರಾರ್ಥನೆಯನ್ನು ಎಲ್ಲೂ ಬರೆಯದೆ ಬಾಯಲ್ಲೇ ಇಟ್ಟುಕೊಂಡು ಏಳೆಂಟು ತಲೆಮಾರು ದಾಟಿಸಿದರು. ಉಗ್ರಾಣದ ದೇವರನ್ನು ಬಿಚ್ಚಿ ನೋಡಬಾರದು, ನೋಡಿದರೆ ಕಣ್ಣು ಹೋಗುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದಳು.

ಈಗ ಗುಡ್ಡದ ಮೇಲೆ ಇಟ್ಟಿಗೆಯ ಚರ್ಚಿದೆ. ಮೂರು ಹೊತ್ತೂ ಗಂಟೆ ಹೊಡೆಯುತ್ತಾರೆ, ಯಾರೂ ತಲೆ ತೆಗೆಯುವುದಿಲ್ಲ. ಬಚ್ಚಿಡುವ ಕೈಚಳಕ ಮಾತ್ರ ರಕ್ತದಲ್ಲಿ ಉಳಿದುಬಿಟ್ಟಿದೆ. ಅದಕ್ಕೂ ಏನಾದರೂ ಕೆಲಸ ಬೇಕಲ್ಲ.

೩

ಮಿತ್ಸುಯೊ ಇದೇ ಊರಲ್ಲಿ ಹುಟ್ಟಿ ನನ್ನ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಹುಡುಗಿಯಾಗಿದ್ದಾಗ ಮೀನು ಸುತ್ತಿಕೊಟ್ಟ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಅಷ್ಟರಲ್ಲಿ ಮೀನು ಬೆಕ್ಕಿನ ಪಾಲು. ಆಮೇಲೆ ಮದುವೆ, ಇಬ್ಬರು ಮಕ್ಕಳು. ಗಂಡ ದೊಡ್ಡ ದೋಣಿ ಹತ್ತಿದ, ಬಲೆಗೆ ರಜೆ ಇರುವ ಹುಣ್ಣಿಮೆಗೆ ಮಾತ್ರ ಮನೆಗೆ ಬರುತ್ತಾನೆ. ಅಲ್ಲಿಂದಾಚೆಗೆ ಅವಳು ಓದಿದ್ದೆಲ್ಲ ಬೇರೆಯವರಿಗೆ. ಅತ್ತೆಗೆ ಔಷಧಿ ಚೀಟಿ, ಮಕ್ಕಳಿಗೆ ಶಾಲೆಯ ಸೂಚನೆ, ಶನಿವಾರ ಚರ್ಚಿನಲ್ಲಿ ಊರ ಮಕ್ಕಳಿಗೆ ಧರ್ಮಪಾಠ. ಎಲ್ಲವೂ ಗಟ್ಟಿಯಾಗಿ. ಹಾಗೆ ಓದಿ ಓದಿ ಮನಸ್ಸಿನಲ್ಲಿ ಓದಿಕೊಳ್ಳುವುದೇ ಮರೆತುಹೋಯಿತು. ಕಣ್ಣು ಅಕ್ಷರದ ಮೇಲೆ ಬಿದ್ದರೆ ಸಾಕು, ತುಟಿ ತಾನಾಗಿ ಮಣಮಣ ಅನ್ನುತ್ತಿತ್ತು.

(ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಜಾಣ ಬರಹಗಾರರು ಇದನ್ನು ಹೀಗೆ ಬಿಟ್ಟುಕೊಡುವುದಿಲ್ಲ. ನಾನು ನಾಲ್ಕನೇ ಇಯತ್ತೆಗೇ ಗೆಣಸು ಒಣಹಾಕಲು ಹೋದವಳು.)

ಹೋದ ಚಳಿಗಾಲ ಹಡಗಿನಲ್ಲಿ ಬರುವ ಲೈಬ್ರರಿ ವ್ಯಾನು ಬಂದರಿನಲ್ಲಿ ನಿಂತಿತ್ತು. ಗಾಳಿ ತಡೆಯಲಾರದೆ ಒಳಹೊಕ್ಕವಳು ಕೊಲೆಯ ಪುಸ್ತಕ ಹಿಡಿದು ಹೊರಬಂದಳು. ಮನೆಯಲ್ಲಿ ಅತ್ತೆ ಸೆಕಿ. ಎಂಬತ್ತು ದಾಟಿದ, ಕಣ್ಣಿಗೆ ಪೊರೆ ಬಂದ, ನಾಲಿಗೆಗೆ ಮಾತ್ರ ಬಾರದ ಮುದುಕಿ. ಹೆಂಗಸಿನ ಕೈಯಲ್ಲಿ ಪುಸ್ತಕವಿದ್ದರೆ ಅದು ಪ್ರಾರ್ಥನೆಯದ್ದೇ ಆಗಿರಬೇಕು, ಮಿಕ್ಕಿದ್ದೆಲ್ಲ ಸೋಮಾರಿತನ ಎಂಬುದು ಅವಳ ಕಾನೂನು. ಮಿತ್ಸುಯೊ ತಾನು ಪೂಜೆಗೆ ತಲೆಯ ಮೇಲೆ ಹಾಕುವ ಹಳೆಯ ಬಿಳಿ ಮುಸುಕಿನಲ್ಲಿ ಪುಸ್ತಕ ಸುತ್ತಿದಳು. ಎಲ್ಲಿಟ್ಟಳು ಎಂದು ನೀವೇ ಹೇಳಿ.

ಅನ್ನ ಬೇಯುವಷ್ಟು ಹೊತ್ತು ಉಗ್ರಾಣದಲ್ಲಿ ಕೂತು ಓದುವಳು. ಪಕ್ಕದಲ್ಲಿ ಕಾಗದದ ಬಾಗಿಲು, ಅದರಾಚೆ ಅತ್ತೆಯ ಹಾಸಿಗೆ. ಬಿಸಿಲು ಹುಟ್ಟಿ ಕ್ಯಾಮೆಲಿಯಾ ಹೂ ಉದುರತೊಡಗಿದ ಮೇಲೆ ಧೈರ್ಯ ಬಂತು. ಪುಸ್ತಕವನ್ನು ಏಪ್ರನ್ನಿನೊಳಗೆ ಸೇರಿಸಿಕೊಂಡು ಮೀನು ಒಣಹಾಕುವ ಕಡಲತಡಿಗೆ ಒಯ್ಯತೊಡಗಿದಳು.

೪

(ಈ ಭಾಗ ತೆಗೆದಿದ್ದೇನೆ. ಇದರಲ್ಲಿ ಮಿತ್ಸುಯೊ ಓದುತ್ತಾ ಅನ್ನ ಸೀಯಿಸಿದ್ದಳು. ನಮ್ಮ ಮನೆಯಲ್ಲಿ ಕರೆಂಟಿನ ಕುಕ್ಕರಿದೆ, ಸೀಯುವುದೇ ಇಲ್ಲ ಎಂದು ಜಗಳಕ್ಕೆ ಬಂದಳು. ಕಥೆಗೆ ಸೀದ ವಾಸನೆ ಬೇಕಿತ್ತು. ಹೋಗಲಿ.)

೫

ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಪತ್ತೇದಾರ ಎಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿದ್ದಾನೆ: ಸ್ನಾನಕ್ಕೆ ಬಂದವರ ಮೈ ತಿಕ್ಕುವವನು, ವ್ಯಾಪಾರಿಯ ಹೆಂಡತಿ, ವಸತಿಗೃಹದ ಯಜಮಾನ. ಅಷ್ಟಕ್ಕೆ ಪುಸ್ತಕ ಮುಚ್ಚಿ, ಮುಸುಕು ಸುತ್ತಿ, ಪೀಪಾಯಿಯ ಹಿಂದಿಟ್ಟು, ಮಿತ್ಸುಯೊ ಮೀನು ತಿರುವಿಹಾಕಲು ಹೋದಳು.

ಬರುವಷ್ಟರಲ್ಲಿ ಪುಸ್ತಕ ಮುಸುಕಿನ ಸಮೇತ ಮನೆಯ ಪೀಠದ ಮೇಲೆ, ಮಾತೆಯ ಪಾದದ ಬಳಿ ಇತ್ತು. ಮೊಂಬತ್ತಿ ಉರಿಯುತ್ತಿತ್ತು. ಸೆಕಿ ಮೊಣಕಾಲೂರಿದ್ದಳು.

"ಹಿರಿಯರು ಇಟ್ಟಿದ್ದು ಸಿಕ್ತು ಕಣೇ," ಅಂದಳು. "ಮುಟ್ಟಬೇಡ. ಬಿಚ್ಚಿದ್ರೆ ಕಣ್ಣು ಹೋಗತ್ತೆ. ನಂದು ಹೋದ್ರೆ ಹೋಗ್ಲಿ, ನಿನ್ನ ಕಣ್ಣು ಬೇಕು."

ಸಂಜೆಯೊಳಗೆ ಊರ ಹೆಂಗಸರು ಹೂವು ಹಿಡಿದು ಬಂದರು. ಒಬ್ಬಳಂತೂ ಅತ್ತಳು. ಇನ್ನು ನಿಜ ಹೇಳಿದರೆ ಮುದುಕಿಯ ಮಾನ ಹರಾಜು, ಹೇಳದಿದ್ದರೆ ಕೊಂದವನು ಯಾರೆಂದು ತಿಳಿಯುವ ಹಾಗಿಲ್ಲ. ಲೈಬ್ರರಿಯಲ್ಲೂ ಇರುವುದು ಅದೊಂದೇ ಪ್ರತಿ.

ಮಿತ್ಸುಯೊ ನೇರ ನನ್ನ ಮನೆಗೆ ಬಂದು ಚಹಾ ಮುಟ್ಟದೆ ಕೂತಳು.

"ದೊಡ್ಡಮ್ಮ, ಬರೆಯೋಳು ನೀನು. ಅತ್ತೆ ಕೈ ಪೀಪಾಯಿ ಹಿಂದಕ್ಕೆ ಹೋಗೋ ಹಂಗೆ ಯಾಕೆ ಮಾಡಿದೆ?"

ಸಾರಿಗೆ ಮಿಸೊ ಬೇಡವೇನೆ ಅಂದೆ.

"ನಾನು ಆ ಮನೆಗೆ ಬಂದಾಗಿಂದ ಅವರು ಸಾರು ಮಾಡಿದ್ದೇ ಇಲ್ಲ."

(ಕಥೆಯಲ್ಲಿ ತೂತು ಬಿದ್ದರೆ ಕೆಲವು ಸಲ ತೇಪೆ ಹಾಕದೆ ಬಿಡಬೇಕು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುತ್ತದೆ.)

ಅವಳು ಏಳುತ್ತಾ ಹೇಳಿದಳು: "ಇಷ್ಟು ವರ್ಷ ಆದ್ಮೇಲೆ ನನಗೇಂತ ಒಂದೇ ಒಂದು ಹಿಡಿದಿದ್ದೆ. ಅದಕ್ಕೂ ದೀಪ ಹಚ್ಚಿಬಿಟ್ರು."

೬

ಭಾನುವಾರ ಪೂಜೆ ಮುಗಿಸಿ ಫಾದರ್ ಕುವಾಮುರ ನೋಡಲು ಬಂದರು. ಮೊದಲು ಬರೆದಾಗ ಫಾದರ್ ಮುಸುಕು ಬಿಚ್ಚಿಬಿಟ್ಟರು, ಮಿತ್ಸುಯೊ ಮೂರ್ಛೆ ಹೋದಳು. ನಾನು ಮೂರ್ಛೆ ಹೋಗುವವಳಲ್ಲ ಎಂದು ಅವಳೇ ಗೀಟು ಹೊಡೆದಳು.

ನಡೆದದ್ದು ಇಷ್ಟು. ಫಾದರ್ ಬಟ್ಟೆಯ ಮೇಲಿಂದ ಬೆರಳಾಡಿಸಿದರು. ಲೈಬ್ರರಿ ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಕರಕರ ಅಂದಿತು. ಹುಬ್ಬು ಮೇಲೇರಿತು. ಅವರು ಮಿತ್ಸುಯೊ ಕಡೆ ನೋಡಿದರು, ಮಿತ್ಸುಯೊ ಸೂರಿನ ಕಡೆ ನೋಡಿದಳು. ಒಂದು ಸಲ ಬಿಚ್ಚಿ ನೋಡಬಹುದೇ ಎಂದು ಸೆಕಿಯನ್ನು ಮೆತ್ತಗೆ ಕೇಳಿದರು.

"ಹಿರಿಯರು ತಲೆ ಹೋದ್ರೂ ಬಿಚ್ಚಲಿಲ್ಲ ಫಾದರ್. ನಿಮಗೇನು ಅವಸರ, ಹಡಗಿಗೆ ಹೊತ್ತಾಯ್ತಾ?"

ಫಾದರ್ ತೀರ್ಥ ಚಿಮುಕಿಸಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಮಿತ್ಸುಯೊಗೆ ಮಾತ್ರ ಕೇಳುವಂತೆ, "ಎರಡೇ ಹನಿ ಹಾಕಿದೀನಮ್ಮ, ಲೈಬ್ರರಿಯವರು ಬೈತಾರೆ," ಅಂದರು.

೭

ಈಗ ಮುಗಿಸಬೇಕು. ಕೊನೆಗಳನ್ನು ಮಾಡಿಟ್ಟಿದ್ದೇನೆ, ಬೇಕಾದ್ದು ಎತ್ತಿಕೊಳ್ಳಿ.

ಕೊನೆ ಒಂದು: ಮಿತ್ಸುಯೊ ಪುಸ್ತಕ ಕದ್ದು, ಮುಸುಕಿನೊಳಗೆ ಅಷ್ಟೇ ಅಳತೆಯ ಮರದ ಹಲಗೆ ಇಡುತ್ತಾಳೆ. (ಹಲಗೆಗೆ ಕೈಮುಗಿಸುವ ಪಾಪ ನನಗೆ ಬೇಡ.)

ಕೊನೆ ಎರಡು: ಸೆಕಿ ತೀರಿಕೊಳ್ಳುತ್ತಾಳೆ, ಪುಸ್ತಕವನ್ನೂ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಇದನ್ನು ಓದಿ ಹೇಳಿದಾಗ ಮಿತ್ಸುಯೊ, ನನ್ನ ಅತ್ತೆಯನ್ನು ಕೊಲ್ಲಬೇಡ, ಈ ಕಥೆಗೆ ಒಂದು ಹೆಣ ಸಾಕು ಅಂದಳು. ಮುದುಕಿಯ ಮೇಲೆ ಅವಳಿಗೆ ಅಷ್ಟು ಅಕ್ಕರೆಯಿದೆ ಎಂದು ನನಗೂ ಅವತ್ತೇ ಗೊತ್ತಾಗಿದ್ದು.

ಕೊನೆ ಮೂರು ನಾನು ಕಣ್ಣಾರೆ ಕಂಡದ್ದು. ಬೆಂಕಿಯಲ್ಲಿ ಸುಟ್ಟ ಗೆಣಸಿನ ಮೋಚಿ ಕಡುಬು ತೆಗೆದುಕೊಂಡು ಸಂಜೆ ಪ್ರಾರ್ಥನೆಗೆ ಅವರ ಮನೆಗೆ ಹೋಗಿದ್ದೆ. ಜಪಸರ ಮುಗಿಯಿತು. ಸೆಕಿ ಸರವನ್ನು ಮಡಿಲಲ್ಲಿಟ್ಟು, ಬಿಚ್ಚು ಅಂದಳು.

"ಅತ್ತೆ, ಕಣ್ಣು..."

"ಕಣ್ಣು ಮುಚ್ಕೊಂಡು ಬಿಚ್ಚು. ಬಿಚ್ಚಿದ್ಮೇಲೆ ತೆಗೆದು ಓದು."

ಮಿತ್ಸುಯೊ ಬಿಚ್ಚಿದಳು. ಪುಟ ತೆರೆದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ಬರೆಯುವವಳು ಮಾತ್ರ, ಕಾಪಾಡುವವಳಲ್ಲ. ಅವಳು ಕೊಲೆಯ ಪುಟದ ಮೇಲೆ ಕಣ್ಣಿಟ್ಟು, "ಪರಲೋಕದಲ್ಲಿರುವ ನಮ್ಮ ತಂದೆಯೇ..." ಎಂದು ಶುರುಮಾಡಿದಳು.

"ಅದಲ್ಲ ಕಣೇ," ಅಂದಳು ಸೆಕಿ. "ಅದು ನಂಗೆ ಬಾಯಿಪಾಠ. ಆ ಮೈ ತಿಕ್ಕೋನು ಸಿಕ್ಕಿಬಿದ್ನಾ?"

ಮೋಚಿ ನನ್ನ ಬಾಯಲ್ಲೇ ಉಳಿಯಿತು.

"ಚಳಿಗಾಲ ಪೂರ್ತಿ ಬಾಗಿಲಾಚೆ ಚೆನ್ನಾಗಿ ಓದ್ತಿದ್ದೆ. ಬಿಸಿಲು ಬಂತು ಅಂತ ಕಡಲ ಹತ್ರ ಎತ್ಕೊಂಡು ಹೋದೆ. ಓದು ಅಂತ ಕೇಳೋಕೆ ನಂಗೆ ಬಾಯಿ ಎಲ್ಲಿದೆ? ಪುಸ್ತಕ ಬೇಡ ಅಂದಿದ್ದೂ ಇದೇ ಬಾಯಲ್ವಾ. ದೇವರು ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ, ಪುಸ್ತಕನೂ ಮನೆ ಬಿಟ್ಟು ಹೋಗಲ್ಲ ಅಂತ ಪೀಠದ ಮೇಲಿಟ್ಟೆ."

ಮಿತ್ಸುಯೊ ಮುಸುಕನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಡಲತಡಿಯಲ್ಲಿ ಓದಿಕೊಂಡಿದ್ದ ಕಥೆಯನ್ನೆಲ್ಲ ಮೊದಲು ಹೇಳಿ, ಆಮೇಲೆ ಕೊನೆಯ ಅಧ್ಯಾಯಕ್ಕೆ ಬಂದಳು. ಧರ್ಮಪಾಠದ ಗಟ್ಟಿ ದನಿ. ಪತ್ತೇದಾರ ಎದ್ದು ನಿಂತ. ಕೊಂದವರು ಈ ಕೋಣೆಯಲ್ಲೇ ಇದ್ದಾರೆ ಅಂದ. ಮಿತ್ಸುಯೊ ಪುಟ ತಿರುವಿದಳು.

ದನಿ ನಿಂತಿತು. ತುಟಿಯೂ ನಿಂತಿತು. ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಮೀನಿನ ಕಾಗದ ಓದುವಾಗ ಈ ಮುಖ ಹೀಗೇ ಇರುತ್ತಿದ್ದುದು ನನಗೆ ನೆನಪಿದೆ.

"ಏನಾಯ್ತೇ? ಯಾರಂತೆ?" ಸೆಕಿ ತೋಳು ಜಗ್ಗಿದಳು.

"ಒಂದ್ನಿಮಿಷ, ಅತ್ತೆ," ಅಂದಳು ಮಿತ್ಸುಯೊ, ತಲೆ ಎತ್ತದೆ.

೮

ಕೊಂದವರು ಯಾರೆಂದು ನಿಮಗೂ ತಿಳಿಯಬೇಕು, ನನಗೂ ತಿಳಿಯಬೇಕು, ಸೆಕಿಗಂತೂ ಜೀವವೇ ಹೋಗುತ್ತಿದೆ. ಆದರೆ ಈ ಕಥೆಗೆ ಕೊನೆ ಹಾಕಬೇಕೆಂದರೆ ನಾನು ಅವಳ ಓದನ್ನು ನಿಲ್ಲಿಸಬೇಕು. ನನ್ನಿಂದಾಗದು. ಅಗೋ, ಇನ್ನೊಂದು ಪುಟ ತಿರುವಿದಳು. ಮೋಚಿ ಇನ್ನೂ ಬೆಚ್ಚಗಿದೆ, ತೆಗೆದುಕೊಳ್ಳಿ.