ವಿಕ್ರೋಳಿ ಖಾಡಿಯ ಬೆಳಕು

ವಿನೋದಿನಿಗೆ ಫ್ರಾನ್ಸಿನ ಹುಚ್ಚು ಹಿಡಿದದ್ದು ಆರ್ಟ್ ಸ್ಕೂಲಿನ ಕೊನೆಯ ವರ್ಷದಲ್ಲಿ. ಪ್ರೊಫೆಸರರು ಕಿಟಕಿಗಳಿಗೆ ಕಪ್ಪು ಪರದೆ ಎಳೆದು ಇಂಪ್ರೆಷನಿಸ್ಟ್ ಚಿತ್ರಕಾರರ ಸ್ಲೈಡುಗಳನ್ನು ತೋರಿಸಿದ್ದರು. ಮಂಜಿನಲ್ಲಿ ಮುಳುಗಿದ ಬಂದರು, ನದಿಯ ತಿರುವು, ಸಮುದ್ರದೊಳಕ್ಕೆ ಚಾಚಿದ ಬಂಡೆಗಳು. "ಅವರು ವಸ್ತುವನ್ನು ಬರೆಯಲಿಲ್ಲ, ಅದರ ಮೇಲೆ ಬಿದ್ದ ಬೆಳಕನ್ನು ಬರೆದರು. ಅದಕ್ಕಾಗಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರು. ಬೆಳಕು ಯಾರಿಗೂ ಕಾಯುವುದಿಲ್ಲ" ಎಂದಿದ್ದರು. ಆ ಜಾಗಗಳನ್ನು ಕಣ್ಣಾರೆ ನೋಡಿಬರಲು ಒಂದು ಸ್ಕಾಲರ್‌ಶಿಪ್ ಇತ್ತು. ಅದಕ್ಕೆ ಹೊರಾಂಗಣದಲ್ಲಿ ಬರೆದ ಚಿತ್ರಗಳನ್ನು ಕಳಿಸಬೇಕಿತ್ತು.

ಠಾಣೆಯ ಸೋದರತ್ತೆಯ ಮನೆಗೆ ಹೋಗುವಾಗ ಲೋಕಲ್ ರೈಲಿನಿಂದ ಅವಳು ಉಪ್ಪಿನ ಆಗರಗಳನ್ನೂ ಅವುಗಳಾಚೆ ಮಿನುಗುವ, ಕಡಲಿನಿಂದ ಒಳಚಾಚಿದ ಖಾಡಿಯನ್ನೂ ಕಂಡಿದ್ದಳು. ಚಳಿಗಾಲದ ಬೆಳಗ್ಗೆ ಕಾರ್ಖಾನೆಗಳ ಹೊಗೆಯೂ ಮಂಜೂ ಬೆರೆತು ಅಲ್ಲಿ ಸ್ಲೈಡಿನ ಬಂದರಿನಂಥದ್ದೇ ಬೆಳಕು ಹುಟ್ಟುತ್ತಿತ್ತು. ವಿಕ್ರೋಳಿಯಲ್ಲಿ ಇಳಿದು ನಡೆದರೆ ಸಾಕು.

"ಹೆಣ್ಣುಹುಡುಗಿ ಒಬ್ಬಳೇ ಖಾಡಿಗೆ ಹೋಗುವುದೆಂದರೇನು?" ಎಂದರು ಅವಳ ತಂದೆ ಕೊರಗ ಶೆಟ್ಟರು. ಗ್ರಾಂಟ್ ರೋಡಿನಲ್ಲಿ ಅವರದೊಂದು ಹೋಟೆಲು. ಕೊನೆಗೆ ಒಪ್ಪಿದ್ದು ದೂಜ ಜೊತೆಗೆ ಹೋಗುವುದಾದರೆ ಎಂಬ ಮಾತಿನ ಮೇಲೆ. ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ದೂಜ ಕಾರ್ಕಳದ ಕಡೆಯವನು, ಅರವತ್ತರ ಹತ್ತಿರದವನು. ಮಗುವಾಗಿದ್ದ ವಿನೋದಿನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಚೌಪಾಟಿಯ ಕಡಲತೀರಕ್ಕೆ ಕರೆದೊಯ್ಯುತ್ತಿದ್ದವನು ಅವನೇ.

ಎಪ್ಪತ್ನಾಲ್ಕರ ಜನವರಿಯಲ್ಲಿ ಇಬ್ಬರೂ ಹೋಗತೊಡಗಿದರು. ಅವಳು ಆಗರದಂಚಿನ ಮಣ್ಣಿನ ಒಡ್ಡಿನ ಮೇಲೆ ಈಸೆಲ್ ನಿಲ್ಲಿಸಿ ಬರೆಯುವಳು. ಅವನು ಚಹದ ಫ್ಲಾಸ್ಕು ಇಟ್ಟುಕೊಂಡು, ಟವೆಲನ್ನು ತಲೆಗೆ ಸುತ್ತಿ, ನೀರಿಗೆ ಬೆನ್ನು ಮಾಡಿ ಕೂರುವನು.

"ಯಾಕೆ ದೂಜಣ್ಣ, ಆ ಕಡೆ ನೋಡೋದೇ ಇಲ್ಲ?"

"ನನಗೆ ಈ ನೀರು ಆಗುವುದಿಲ್ಲ ಮಗಾ. ಶಬ್ದವೇ ಇಲ್ಲ ಇದಕ್ಕೆ. ನಮ್ಮ ಕಡಲಾದರೆ ಬರುವಾಗ ಹೇಳಿ ಬರ್ತದೆ."

ಅದು ನಿಜವಾಗಿತ್ತು. ಇಳಿತದಲ್ಲಿ ಖಾಡಿ ದೂರ ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತಿತ್ತು. ಆಮೇಲೆ ನೀರು ಎಲ್ಲಿಂದ ಬಂತೆಂದು ತಿಳಿಯುವಷ್ಟರಲ್ಲಿ ದಡದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಬೇರುಗಳು ಮುಳುಗಿರುತ್ತಿದ್ದವು. ಬಯಲಿನ ನಡುವೆ ಒಂದು ಮುರುಕು ದೋಣಿ ಮಗುಚಿ ಬಿದ್ದಿತ್ತು. ಅದರ ಬಳಿ ಬೆಳಕು ಇನ್ನೂ ಚೆನ್ನಾಗಿರುತ್ತದೆಂದು ವಿನೋದಿನಿಗೆ ದಿನದಿನಕ್ಕೂ ಅನ್ನಿಸತೊಡಗಿತು.

ಒಡ್ಡು ಕಟ್ಟುವ ಕೆಲಸಕ್ಕೆ ಕಲಬುರ್ಗಿ ಕಡೆಯ ಕೆಲವು ಸಂಸಾರಗಳು ಬಂದು ಗುಡಿಸಲು ಹಾಕಿದ್ದವು. ಅವರಲ್ಲಿ ಸುಂದ್ರವ್ವ ಎಂಬಾಕೆ ಬುಟ್ಟಿ ಇಳಿಸಿ ಚಿತ್ರ ನೋಡುತ್ತ ನಿಲ್ಲುವಳು. ವಿನೋದಿನಿಯ ಕಣ್ಣು ಎಲ್ಲಿದೆಯೆಂದು ಆಕೆಗೆ ಗೊತ್ತಾಯಿತು.

"ಅಕ್ಕಾರ, ಆ ದೋಣಿ ಮಟಾ ಹೋಗಬ್ಯಾಡ್ರಿ. ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಬರೇ ರಾಡಿ ಅದ. ಹೋದ ತಿಂಗಳ ಒಂದು ಎಮ್ಮಿ ಸಿಕ್ಕೊಂಡಿತ್ತು. ಹಗ್ಗ ತರೂದ್ರಾಗ ಕೋಡಷ್ಟ ಉಳದಿದ್ವು."

ದೂಜ ಅಂದು ಚಹ ಕುಡಿಯಲಿಲ್ಲ. "ಸಾಕು ಮಗಾ, ಬೇರೆ ಜಾಗ ನೋಡುವ" ಎಂದ. ವಿನೋದಿನಿ ನಕ್ಕುಬಿಟ್ಟಳು.

ಮಾಘದ ಅಮಾವಾಸ್ಯೆಯ ಬೆಳಗ್ಗೆ ಖಾಡಿ ಹಿಂದೆಂದೂ ಇಲ್ಲದಷ್ಟು ದೂರ ಸರಿದಿತ್ತು. ದೋಣಿಯವರೆಗೆ ಚಿಪ್ಪು, ಕಲ್ಲು ಸೇರಿ ಗಟ್ಟಿಯಾದ ಒಂದು ಕಿರುದಾರಿ ಎದ್ದು ಕಂಡಿತು. ದೂಜ ಬೇಡವೆನ್ನುತ್ತಿದ್ದಂತೆ ಅವಳು ಚಪ್ಪಲಿ ಬಿಟ್ಟು, ಕ್ಯಾನ್ವಾಸು, ಬಣ್ಣ ಎತ್ತಿಕೊಂಡು ಇಳಿದೇಬಿಟ್ಟಳು. "ಬಸ್, ಥೋಡಾ ಟೈಮ್ ದೂಜಣ್ಣ, ಹೀಗೆ ಹೋಗಿ ಹೀಗೆ ಬಂದೆ!"

ಕಾಲು ಹೂತುಹೋಗಲಿಲ್ಲ. ದೋಣಿಗೆ ಒರಗಿ ನಿಂತು ಬರೆಯತೊಡಗಿದಳು. ಒಂದು ಹಕ್ಕಿಯೂ ಇರಲಿಲ್ಲ. ಹೊಗೆಯ ಹಿಂದೆ ಸೂರ್ಯ ಏರಿದಂತೆ ಕೆಸರಿಗೆ ಬಣ್ಣ ಬಂತು. ಅವಳಿಗೆ ಬೇರೇನೂ ಬೇಡವಾಯಿತು. ಒಡ್ಡಿನಿಂದ ಸುಂದ್ರವ್ವ ಕೂಗುತ್ತಿದ್ದುದು ಕೇಳಿಸಿತು, ಆದರೆ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲಿಲ್ಲ.

ತಲೆಯೆತ್ತಿದಾಗ ದೂಜ ಹತ್ತಿರ ಬಂದಿದ್ದ. ಆ ನೀರಿಗೆ ಹೆದರುವ ಮನುಷ್ಯ ಅವಳನ್ನು ಕರೆದೊಯ್ಯಲು ಇಳಿದಿದ್ದ. ಕಿರುದಾರಿಯ ಜಾಡು ತಪ್ಪಿ ಪಕ್ಕಕ್ಕೆ ಹೆಜ್ಜೆ ಇಟ್ಟಿದ್ದ. ತೊಡೆಯವರೆಗೆ ಕೆಸರಿನಲ್ಲಿದ್ದ. ಕೂಗಲಿಲ್ಲ. ನಾಚಿಕೊಂಡವನಂತೆ, "ಮಗಾ, ಸ್ವಲ್ಪ ಕೈ ಕೊಡು" ಎಂದ.

ಆಗಲೇ ಹೊಗೆ ಸೀಳಿ ಬಿಸಿಲು ಅವನ ಮೇಲೆ ಬಿತ್ತು. ಅವನ ಬಿಳಿ ಬನಿಯನ್ ಕೇಸರಿಯಾಯಿತು. ಮುಖದ ನೆರಳು ಭಾಗ ನೇರಳೆಯಾಯಿತು. ಸುತ್ತಲ ಕೆಸರು ಬೆಳ್ಳಿಯಂತೆ ಹೊಳೆಯಿತು. ವಿನೋದಿನಿಯ ಕೈ ಮುಂದಕ್ಕೆ ಚಾಚಲಿಲ್ಲ. ಕುಂಚ ಬಣ್ಣಕ್ಕೆ ಹೋಯಿತು, ಅಲ್ಲಿಂದ ಕ್ಯಾನ್ವಾಸಿಗೆ. ನೇರಳೆ, ಕೇಸರಿ, ಮತ್ತೆ ನೇರಳೆ.

ಬೆಳ್ಳಿಯಂತೆ ಹೊಳೆದದ್ದು ಕೆಸರಲ್ಲ, ನೀರು ಎಂದು ಗೊತ್ತಾದದ್ದು ಅದು ಅವಳ ಪಾದ ಮುಟ್ಟಿದಾಗ. ದೂಜನಿಗೆ ಆಗಲೇ ಸೊಂಟ ಮುಳುಗಿತ್ತು.

ಅವಳು ಕಿರುಚಿದಳು. ಅವನ ಕೈ ಹಿಡಿದು ಎಳೆದಳು. ಎಳೆದಷ್ಟೂ ಅವನು ಇಳಿದ. ಒಡ್ಡಿನಿಂದ ಸುಂದ್ರವ್ವನ ಗಂಡ ಅಣವೀರಪ್ಪನೂ ಮತ್ತಿಬ್ಬರೂ ಹಲಗೆ, ಹಗ್ಗ ಹೊತ್ತು ಓಡಿಬಂದರು. ಹಲಗೆಯ ಮೇಲೆ ಬೋರಲಾಗಿ ಮಲಗಿ ಹಗ್ಗವನ್ನು ಅವನ ಕಂಕುಳಿಗೆ ಬಿಗಿದು ಜಗ್ಗಿದರು. ನೀರು ಎದೆಗೆ ಬಂದಾಗ ಏನೋ ಮುರಿದ ಸದ್ದಾಯಿತು. ದೂಜ ಹೊರಬಂದ.

ಸೊಂಟದ ಮೂಳೆ ಮುರಿದಿತ್ತು. ಇನ್ನು ಕೋಲಿಲ್ಲದೆ ನಡೆಯಲಾಗದು ಎಂದರು ಆಸ್ಪತ್ರೆಯವರು. ಕೊರಗ ಶೆಟ್ಟರು ಮಗಳನ್ನು ಬೈಯಲಿಲ್ಲ. ಅವಳ ಜೊತೆ ಮಾತನ್ನೇ ನಿಲ್ಲಿಸಿದರು. ಯಾರೋ ಹೊತ್ತು ತಂದಿಟ್ಟ ಕ್ಯಾನ್ವಾಸನ್ನು ವಿನೋದಿನಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಆದರೆ ಚಿತ್ರಗಳನ್ನು ಕಳಿಸುವ ದಿನ ಬಂದಾಗ ಅದನ್ನೂ ಕಟ್ಟಿ ಕಳಿಸಿದಳು. ಅದು ಎಲ್ಲಕ್ಕಿಂತ ಒಳ್ಳೆಯ ಚಿತ್ರವೆಂದು ಅವಳಿಗೆ ಗೊತ್ತಿತ್ತು. ಪ್ರೊಫೆಸರರೂ ಅದನ್ನೇ ಹೇಳಿದರು. ಸ್ಕಾಲರ್‌ಶಿಪ್ ಸಿಕ್ಕಿತು.

ದೂಜ ಊರಿಗೆ ಹೊರಡುವ ಮೊದಲು, "ಆ ಚಿತ್ರ ತೋರಿಸು" ಎಂದ. ಮರಳಿ ಬಂದಿದ್ದ ಅದನ್ನು ಅವಳು ತಂದು ಮಂಚದೆದುರು ಹಿಡಿದಳು. ಅವನು ಬಹಳ ಹೊತ್ತು ನೋಡಿದ.

"ನಾನು ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು.

"ಮುಖವೇ ಇಲ್ಲವಲ್ಲ ಮಗಾ."

"ದೂರದಿಂದ ನೋಡಿದ್ರೆ ಮುಖ ಹಾಗೇ ಕಾಣೋದು, ದೂಜಣ್ಣ."

"ದೂರ ಎಲ್ಲಿತ್ತು?" ಎಂದ ದೂಜ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹತ್ತಿರವೇ ಇದ್ದಿಯಲ್ಲ. ನಾನು ನಿನ್ನ ಕೈಯನ್ನೇ ನೋಡ್ತಾ ಇದ್ದೆ."

ಅವಳು ಚಿತ್ರವನ್ನು ಕೆಳಗಿಳಿಸಿದಳು. ಮರುದಿನ ದೂಜನನ್ನು ಮಂಗಳೂರು ಬಸ್ಸಿನಲ್ಲಿ ಮಲಗಿಸಿ ಕಳಿಸಿದರು.

ಸೆಪ್ಟೆಂಬರಿನಲ್ಲಿ ವಿನೋದಿನಿ ಫ್ರಾನ್ಸಿಗೆ ಹೋದಳು. ಮೊದಲ ವಾರವೇ ವಿದ್ಯಾರ್ಥಿಗಳನ್ನು ನದಿಯ ಒಂದು ತಿರುವಿಗೆ ಕರೆದೊಯ್ದರು. ಸಾಲಾಗಿ ಎತ್ತರದ ಮರಗಳು, ಅವುಗಳ ಬುಡಕ್ಕೆ ತಾಗಿದ ಮಂಜು, ನೀರಿನ ಮೇಲೆ ಗುಲಾಬಿ ಬೆಳಕು. ಪ್ರೊಫೆಸರರ ಮಾತು ಸುಳ್ಳಾಗಿರಲಿಲ್ಲ. ಎಲ್ಲರೂ ಓಡಿ ಓಡಿ ಈಸೆಲ್ ನಿಲ್ಲಿಸಿದರು. ದಂಡೆಗೆ ಬಂದಿದ್ದ ಯಾರೋ ಅಮ್ಮನೂ ಮಗಳೂ ಬಟ್ಟೆ ಮೇಲೆತ್ತಿಕೊಂಡು ಆಳವಿಲ್ಲದ ನೀರಿಗೆ ಇಳಿದರು. ನಗುತ್ತ ಒಂದೊಂದೇ ಹೆಜ್ಜೆ ಮುಂದೆ ಹೋದರು. ವಿನೋದಿನಿ ಪೆಟ್ಟಿಗೆ ಬಿಚ್ಚದೆ ದಂಡೆಯ ಅಂಚಿಗೆ ಹೋಗಿ ನಿಂತಳು. ಅವರಿಬ್ಬರ ಕಾಲುಗಳನ್ನೇ ನೋಡುತ್ತಿದ್ದಳು. ಅವರು ತಿರುಗಿ ದಂಡೆ ಹತ್ತಿ, ಬಟ್ಟೆ ಹಿಂಡಿಕೊಂಡು, ಮರಗಳ ಹಿಂದೆ ಮರೆಯಾಗುವವರೆಗೂ ಹಾಗೆಯೇ ನಿಂತಿದ್ದಳು. ಅಷ್ಟರಲ್ಲಿ ಬಿಸಿಲೇರಿ ನೀರು ಬರೀ ನೀರಾಗಿತ್ತು.