ಮೆಟ್ಟಿಲಿಗೆ ಒಂದು ಬಕೆಟ್ ನೀರು

ನಮ್ಮ ಬೀದಿಯಲ್ಲಿ ಅಂಗಡಿ ಮುಚ್ಚುವಾಗ ಎಲ್ಲರೂ ಮೆಟ್ಟಿಲಿಗೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಯಾಕೆಂದು ಕೇಳಿದರೆ ಶುಚಿತ್ವ ಅನ್ನುತ್ತಾರೆ. ಶುದ್ಧ ಸುಳ್ಳು. ವಾರಗಟ್ಟಲೆ ಕಸ ಗುಡಿಸದವರೂ ತಪ್ಪದೆ ಸುರಿಯುತ್ತಾರೆ. ಮೆಟ್ಟಿಲು ಒದ್ದೆಯಿದ್ದರೆ ಅಲ್ಲಿ ಯಾರೂ ಮಲಗುವುದಿಲ್ಲ, ಅಷ್ಟೇ.

ನಮ್ಮದು ಹೊಲಿಗೆ ಅಂಗಡಿ. ನಾನು ಮೆಷಿನ್ ತುಳಿಯುತ್ತೇನೆ, ಅತ್ತೆ ಕಾಜ ಹೊಲಿದು ಗುಂಡಿ ಹಾಕುತ್ತಾರೆ. ನೀರು ಸುರಿಯುವ ಕೆಲಸವೂ ಅವರದೇ. ಬೇಡ ಅಂದರೆ, "ನೀನು ಹೊಲಿಗೆ ನೋಡ್ಕೋ, ಮೆಟ್ಟಿಲು ನಾನು ನೋಡ್ಕೋತೀನಿ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆ ನೀರೆಲ್ಲ ಒಬ್ಬ ಮನುಷ್ಯನಿಗಾಗಿ. ಅವರಿಗೆ ಮನೆಯಿಲ್ಲ. ತಮ್ಮಷ್ಟಕ್ಕೆ ತಾವೇ ಏನೋ ಮಾತಾಡಿಕೊಳ್ಳುತ್ತಾರೆಂದು ಬೀದಿಯವರು ಗೊಣಗಪ್ಪ ಎಂದು ಹೆಸರಿಟ್ಟಿದ್ದರು. ಅವರು ಯಾರ ಮೇಲೂ ಕಲ್ಲೆಸೆದವರಲ್ಲ. ಅವರ ಮೇಲೆ ಕಲ್ಲು ಬಿದ್ದದ್ದುಂಟು. ಬೇಸಿಗೆಯಲ್ಲಿ ನಮ್ಮ ಮೆಟ್ಟಿಲು ಬೇಗ ಆರುತ್ತಿತ್ತು, ಆರಿದ ಮೇಲೆ ಬಂದು ಮಲಗುತ್ತಿದ್ದರು. ಚಳಿ ಶುರುವಾಯಿತು ನೋಡಿ, ಬೆಳಗಾದರೂ ನೀರು ಆರಲಿಲ್ಲ. ಅವರು ಕಾಣೆಯಾದರು.

ಸೋಮವಾರ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಕ್ಕ ಬಂದರು. ವಾರಕ್ಕೊಮ್ಮೆ ಬಂದು, ಅಣ್ಣ ಎಂದು ಕರೆದು ಗೊಣಗಪ್ಪನವರಿಗೆ ಮಾತ್ರೆ ಕೊಡುವವರು.

"ಅಣ್ಣ ಎಲ್ಲಿ?"

ಅತ್ತೆ ದಾರ ಕಚ್ಚಿ ತುಂಡರಿಸಿದರು. "ಹೋದ. ಪೀಡೆ ತೊಲಗಿತು."

ನರ್ಸಕ್ಕ ಬ್ಯಾಗು ಕೆಳಗಿಟ್ಟರು. "ಅಮ್ಮ, ಆಶ್ರಯಧಾಮದಲ್ಲಿ ಅವರಿಗೊಂದು ಜಾಗ ಸಿಕ್ಕಿದೆ. ಬರ್ತೀನಿ ಅಂತ ಅವರೂ ಒಪ್ಪಿದ್ದಾರೆ. ಮುಂದಿನ ಸೋಮವಾರ ಗಾಡಿ ನಿಮ್ಮ ಅಂಗಡಿ ಮುಂದೇನೇ ಬರುತ್ತೆ. ಅವತ್ತು ಅವರು ಇಲ್ಲಿಲ್ಲ ಅಂದ್ರೆ ಜಾಗ ಬೇರೆಯವರಿಗೆ ಹೋಗುತ್ತೆ. ಮಾತ್ರೆಯೂ ತಪ್ಪಿದ್ರೆ ಇಷ್ಟು ತಿಂಗಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ."

"ಹುಚ್ಚಿಗೆ ಮಾತ್ರೆಯಂತೆ. ನಮ್ಮ ಕಿವಿ ಮೇಲೆ ಹೂ ಇಡಬೇಡಮ್ಮ."

"ನಿಮ್ಮ ಬಿಪಿಗೆ ಮಾತ್ರೆ ಇಲ್ವಾ? ಮನಸ್ಸಿನ ಕಾಯಿಲೆಗೂ ಇದೆ. ಅದು ಪಾಪ ಅಲ್ಲ, ಶಾಪ ಅಲ್ಲ, ಮುಟ್ಟಿದ್ರೆ ಅಂಟೋದೂ ಅಲ್ಲ."

"ಮೊದಲು ನೆಟ್ಟಗಾಗಲಿ, ಆಮೇಲೆ ಜಾಗ ಕೇಳಲಿ."

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನೋ ಹಾಗಾಯ್ತು ನಿಮ್ಮ ಮಾತು. ಮಲಗೋಕೆ ಜಾಗ ಇಲ್ಲ, ನಿದ್ದೆ ಇಲ್ಲ, ಯಾರ ತಲೆ ನೆಟ್ಟಗಿರುತ್ತಮ್ಮ? ನನ್ನ ನಿದ್ದೆ ಒಂದು ವಾರ ಕೆಡಿಸಿ ನೋಡಿ, ನಾನೂ ಗೊಣಗ್ತೀನಿ."

 ಅತ್ತೆಯ ಕೈಯಲ್ಲಿದ್ದ ಸೂಜಿ ನಿಂತಿತ್ತು.

ನಾನು ಮೆಷಿನ್ ಬಿಟ್ಟು ನರ್ಸಕ್ಕನ ಜೊತೆ ಹೊರಟೆ. ಮಾರುಕಟ್ಟೆಯ ಹಿಂದೆ ಒಂದು ಮುರಿದ ತಳ್ಳುಗಾಡಿಯ ಕೆಳಗೆ ಅವರು ಸಿಕ್ಕಿದರು, ಮುದುಡಿಕೊಂಡು ಕೂತಿದ್ದರು.

"ಇಲ್ಲಿಗ್ಯಾಕೆ ಬಂದ್ರಿ ಅಣ್ಣ?" ಎಂದೆ.

"ಮೆಟ್ಟಿಲು ಒದ್ದೆ. ಒದ್ದೇಲಿ ಮಲಗಿದ್ರೆ ಜ್ವರ ಬರುತ್ತೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅನ್ನುವವರು ತಮ್ಮ ತಲೆಯನ್ನೊಮ್ಮೆ ತೋರಿಸಿಕೊಂಡು ಬರಲಿ. "ಇವತ್ತಿಂದ ಮೆಟ್ಟಿಲು ಒಣಗಿರುತ್ತೆ, ನಡೀರಿ" ಎಂದೆ. ಅವರು ಮಾತ್ರೆ ನುಂಗಿ ಎದ್ದು ಬಂದರು.

ಆ ಸಂಜೆ ಅತ್ತೆಗೆ ಬಕೆಟ್ ತುಂಬಲು ನಾನು ಬಿಡಲಿಲ್ಲ. ಅಣ್ಣ ಮೆಟ್ಟಿಲ ಮೂಲೆಯಲ್ಲಿ ಕೂತಿದ್ದರು. ಪಕ್ಕದ ಚಪ್ಪಲಿ ಅಂಗಡಿಯವನು ತನ್ನ ಬಕೆಟ್ ಹಿಡಿದು ನಮ್ಮ ಬಾಗಿಲಿಗೇ ಬಂದ.

"ಏನಕ್ಕ, ಇದನ್ನ ಹುಚ್ಚರ ಸಂತೆ ಮಾಡ್ತೀರಾ? ಗಿರಾಕಿಗಳು ಬರೋದು ಬೇಡ್ವಾ? ನೀವು ಸುರೀದಿದ್ರೆ ನಾನೇ ಸುರೀತೀನಿ."

ನಾನು ನನ್ನ ಸ್ಟೂಲ್ ತಂದು ಮೆಟ್ಟಿಲ ನಡುವೆ ಹಾಕಿ ಕೂತೆ. "ನಮ್ಮ ಮೆಟ್ಟಿಲಿಗೆ ಒಂದು ಹನಿ ಬೀಳಲಿ, ಆಮೇಲಿದೆ ನಿನಗೆ."

ಬೀದಿಯವರು ಸೇರಿದರು. ಅವನು ನನ್ನನ್ನು ಬಿಟ್ಟು ಅತ್ತೆಗೆ ಹೇಳಿದ, "ಅಮ್ಮ, ನೀವಾದ್ರೂ ಸೊಸೆಗೆ ಬುದ್ಧಿ ಹೇಳಿ."

ಅತ್ತೆ ಎದ್ದು ಬಂದರು. ಇಬ್ಬರೂ ಸೇರಿ ನನ್ನನ್ನು ಏಳಿಸುತ್ತಾರೆ ಅಂದುಕೊಂಡೆ. ಅವರು ಅಣ್ಣನಿಗೆ ಅಡ್ಡಲಾಗಿ, ಚಪ್ಪಲಿ ಅಂಗಡಿಯವನ ಎದುರು ಹೋಗಿ ನಿಂತರು.

"ನನ್ನ ಎರಡನೇ ಹೆರಿಗೆ ಆದ್ಮೇಲೆ ನನಗೂ ತಲೆ ಕೆಟ್ಟಿತ್ತು," ಅಂದರು. "ಮಗು ಅತ್ರೆ ಎತ್ಕೊಳ್ತಿರಲಿಲ್ಲ, ಗೋಡೆ ಜೊತೆ ಮಾತಾಡ್ತಿದ್ದೆ. ಮನೆಯವರು ನನ್ನ ಹಿಂದಿನ ಕೋಣೇಲಿ ಕೂಡಿಹಾಕಿ ಊರಿಗೆಲ್ಲ ಟೈಫಾಯ್ಡ್ ಅಂದ್ರು. ನಮ್ಮಕ್ಕ ಬಂದು ಜಗಳ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗದಿದ್ರೆ ನಾನೂ ಇವತ್ತು ಯಾವುದೋ ಮೆಟ್ಟಿಲ ಮೇಲೇ ಇರ್ತಿದ್ದೆ. ಇವನನ್ನ ನೋಡಿದ್ರೆ ನನ್ನನ್ನೇ ನೋಡಿದ ಹಾಗಾಗಿ ಹೆದರಿಕೆ ಆಗ್ತಿತ್ತು, ಅದಕ್ಕೇ ನೀರು ಸುರೀತಿದ್ದೆ. ಸಾಕು, ಇನ್ನು ಹೆದರಲ್ಲ. ನಿನ್ನ ಮದುವೆ ಕೋಟಿಗೆ ಗುಂಡಿ ಹಾಕಿದ್ದು ಇದೇ ಹುಚ್ಚಿ ಕೈ ಕಣಪ್ಪ. ಸುರೀಬೇಕಾ? ಮೊದಲು ನನ್ನ ತಲೆ ಮೇಲೆ ಸುರಿ."

 ಆ ಎರಡನೇ ಮಗು ನನ್ನ ಗಂಡ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೂ ಇದು ಗೊತ್ತಿರಲಿಲ್ಲ. ಅತ್ತೆ ಚಪ್ಪಲಿ ಅಂಗಡಿಯವನ ಕೈಯಿಂದ ಬಕೆಟ್ ಕಿತ್ತುಕೊಂಡು ನೀರನ್ನು ಚರಂಡಿಗೆ ಚೆಲ್ಲಿ ಖಾಲಿ ಬಕೆಟ್ ವಾಪಸು ಕೊಟ್ಟರು.

ಮುಂದಿನ ಸೋಮವಾರ ಗಾಡಿ ಬಂತು. ಅಣ್ಣ ನಮ್ಮ ಮೆಟ್ಟಿಲಿಂದಲೇ ಹತ್ತಿ ಹೋದರು. ಈಗ ಅವರಿಗೆ ಮಲಗಲು ಮಂಚವಿದೆ, ಹೊತ್ತಿಗೆ ಸರಿಯಾಗಿ ಮಾತ್ರೆಯಿದೆ. ಗೊಣಗುವುದು ಪೂರ್ತಿ ನಿಂತಿಲ್ಲ. ಗೊಣಗಲಿ ಬಿಡಿ, ನಮ್ಮ ಬೀದಿಯಲ್ಲಿ ಗೊಣಗದವರು ಯಾರಿದ್ದಾರೆ?

ಬಾಯಿಗಳು ಸುಮ್ಮನಿರಲಿಲ್ಲ. ಹೊಲಿಗೆ ಅಂಗಡಿಯ ಹುಚ್ಚಿ ಎಂದು ಅತ್ತೆಯನ್ನು ಆಡಿಕೊಂಡವರಿದ್ದಾರೆ. "ಹೌದು, ನಾನೇ. ಅಳತೆ ಕೊಟ್ಟು ಹೋಗು" ಅನ್ನುತ್ತಾರೆ ಅತ್ತೆ.

ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಹೀಗೆ ಒಬ್ಬರಿದ್ದರೆ ಅವರನ್ನು ಓಡಿಸಬೇಡಿ, ಮಾತಾಡಿಸಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನೆರವು ಬರುವವರೆಗೆ ಅವರು ಒಂದೇ ಕಡೆ ಸಿಗುವಂತಿರಲಿ, ಹುಡುಕಿಕೊಂಡು ಬಂದವರಿಗೆ ಅದೇ ವಿಳಾಸ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಯಾರಾದರೂ ಇದ್ದರೆ ಇವತ್ತೇ ಬಾಗಿಲು ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜನ ಏನಂದುಕೊಂಡಾರು ಎಂದು ಹೆದರಬೇಡಿ. ಯಾರಾದರೂ ಏನಾದರೂ ಅಂದರೆ ನಮ್ಮ ಅಂಗಡಿಗೆ ಕಳಿಸಿ, ಉತ್ತರ ಕೊಡಲು ನಮ್ಮತ್ತೆ ಇದ್ದಾರೆ.