ನೇರಳೆ ಬೆಳಕಿನ ಬಂದೂಕು

"ಇದೇನು, ನೀಲಿಯೋ ಹಸಿರೋ?"

ಕೇಳಿದವನು ಪೇಂಟರ್, ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಹೆಡ್‌ಫೋನಿನ ಮೈಕನ್ನು ಅವನು ಮೊದಲೇ ಆಫ್ ಮಾಡಿಟ್ಟಿದ್ದ. ವಿಡಿಯೋ ಆಟದ ಪರದೆಯ ಮೇಲೆ ಆಗಷ್ಟೇ ಕುಸಿದುಬಿದ್ದ ಯಂತ್ರರಾಕ್ಷಸನ ಸುತ್ತ ಬಂದೂಕುಗಳು ಚೆಲ್ಲಾಡಿದ್ದವು. ಒಂದೊಂದರ ಮೇಲೂ ಒಂದೊಂದು ಬಣ್ಣದ ಬೆಳಕಿನ ಕಂಬ. ಈ ಆಟದಲ್ಲಿ ಬಣ್ಣವೇ ಬೆಲೆ: ಹಸಿರು ಸಾಧಾರಣ, ನೀಲಿ ಪರವಾಗಿಲ್ಲ, ನೇರಳೆ ಸಿಕ್ಕರೆ ಭಾಗ್ಯ. ಅವನ ಕಣ್ಣಿಗೆ ಒಂದೇ ಒಂದು ಹೊಳೆಯುತ್ತಿತ್ತು, ಉಳಿದದ್ದೆಲ್ಲ ಕೆಸರು. ಹೊಳೆದದ್ದನ್ನು ಎತ್ತಿಕೊಂಡು ಮೈಕ್ ಆನ್ ಮಾಡಿದ.

"ನಿನಗೇ ಅಂತ ಒಳ್ಳೇದು ಆರಿಸಿದೀನಿ, ತಗೋ."

ಎರಡು ಬೀದಿಯಾಚೆ ತನ್ನ ಮನೆಯಲ್ಲಿ ಕೂತು ಆಡುತ್ತಿದ್ದ ಬೇಕರಿಯವನು ಅದನ್ನು ನೋಡಿ ಬಿದ್ದು ಬಿದ್ದು ನಕ್ಕ.

"ಲೋ, ಹಸಿರು ಕಣೋ ಇದು! ಇದನ್ನಿಟ್ಕೊಂಡು ಸೊಳ್ಳೆ ಹೊಡೀಲಾ? ನೇರಳೆ ನಿನ್ನ ಕಾಲ ಬುಡದಲ್ಲೇ ಬಿದ್ದಿತ್ತು. ತುಳ್ಕೊಂಡು ಬಂದ್ಯಲ್ಲೋ ಪುಣ್ಯಾತ್ಮ!"

"ಅವಸರದಲ್ಲಿ ನೋಡ್ಲಿಲ್ಲ."

"ಹೋದ ವಾರಾನೂ ಹೀಗೇ ಅಂದೆ," ಎಂದಿತು ಮೂರನೆಯ ದನಿ. ಭಾನುವಾರ ಊಟವಾದ ಮೇಲೆ ಇವರ ಜೊತೆ ಆಡಲು ಕೂರುವ ನರ್ಸ್ ಅವಳು, ಇಬ್ಬರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವಳು ನಗಲಿಲ್ಲ. "ತಮ್ಮಾ, ಎದುರಿಗೆ ಬಾಗಿಲಿದೆಯಲ್ಲ, ಅದು ಯಾವ ಬಣ್ಣ ಹೇಳು."

ಪೇಂಟರಿಗೆ ಪರದೆಯಲ್ಲಿನ ಬಾಗಿಲು ಬೂದಿ ಬಳಿದಂತೆ ಕಂಡಿತು. ಈಚೆಗೆ ಅವನು ಡಬ್ಬಿಯ ಮೇಲಿನ ಹೆಸರು ಓದಿಕೊಂಡೇ ಬಣ್ಣ ಕಲಸುತ್ತಿದ್ದ. ನಾಳೆ ಬೇಕರಿಯವನ ಹೊಸ ಅಂಗಡಿಯ ಗೋಡೆಗೆ ಕೈ ಹಾಕಬೇಕು. ಕೆಳಗೆ ತಿಳಿನೀಲಿ, ಮೇಲೆ ಕೆನೆ. ಅದೊಂದು ಕೈತಪ್ಪಿ, ಯಾಕೆಂಬುದು ಬಾಯಿಂದ ಬಾಯಿಗೆ ಹೋದರೆ, ಬಣ್ಣ ಕಾಣದ ಪೇಂಟರನ್ನು ಆಮೇಲೆ ಯಾರು ಕರೆದಾರು?

"ಕಂದು," ಎಂದ, ಅಂದಾಜಿಗೆ.

"ನೀಲಿ ಕಣೋ ಅದು," ಎಂದಳು ಅಕ್ಕ. ಅಷ್ಟರಲ್ಲಿ ಅದೇ ಬಾಗಿಲು ಒಡೆದು ಯಂತ್ರಗಳು ನುಗ್ಗಿದವು. ಆಟದೊಳಗಿನ ಅವನ ಆಳು ನೆಲಕ್ಕುರುಳಿದ. ಬಿದ್ದವನು ಇಲ್ಲಿ ಕೂಡಲೇ ಸಾಯುವುದಿಲ್ಲ. ಜೊತೆಗಾರರು ಬಂದು ಮಂಡಿಯೂರಿ ಕೈಕೊಟ್ಟರೆ ಏಳುತ್ತಾನೆ.

"ಪೊರೆ ಬಂದಿದೆ ಅನ್ಸುತ್ತೆ," ಎಂದಳು ಅಕ್ಕ, ಗುಂಡು ಹಾರಿಸುತ್ತಲೇ. "ತೋರಿಸಿದ್ಯಾ?"

"ತೋರಿಸ್ದೆ. ಎರಡೂ ಕಣ್ಣಿಗೆ ಬಂದಿದೆಯಂತೆ. ಆಪರೇಷನ್ ಆದ್ರೆ ಸರಿಹೋಗುತ್ತಂತೆ."

"ಮತ್ತೆ ಯಾವ ಮುಹೂರ್ತಕ್ಕೆ ಕಾಯ್ತಿದೀಯ?"

"ಅಂಗಡಿ ಕೆಲಸ ಒಂದು ಮುಗೀಲಿ ಅಂತ..."

"ಕಣ್ಣಿಲ್ಲದೆ ಮುಗಿಸ್ತೀಯಾ? ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ. ನಾನಿರ್ತೀನಿ."

ಪೇಂಟರ್ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ. ಇನ್ನು ಹೇಳಬೇಕಾದದ್ದು ಬೇಕರಿಯವನಿಗೆ.

"ನಿನಗೆ ಮೊದಲೇ ಹೇಳ್ಬೇಕಿತ್ತು ಕಣೋ," ಎಂದ. "ಹೇಳೋಕೆ ಧೈರ್ಯ ಬರ್ಲಿಲ್ಲ. ಎರಡೂ ಕಣ್ಣು ಆಗೋ ಹೊತ್ತಿಗೆ ಎಷ್ಟು ದಿನ ಹಿಡಿಯುತ್ತೋ. ಅಂಗಡಿ ತೆರೆಯೋದು ನಿಲ್ಲಬಾರದು. ಗೋಡೆ ಬೇರೆ ಯಾರಿಗಾದ್ರೂ ಕೊಟ್ಬಿಡು."

ಪರದೆಯಲ್ಲಿ ಬೇಕರಿಯವನ ಆಳು ಗುಂಡಿನ ಮಳೆಯನ್ನು ಸೀಳಿಕೊಂಡು ಓಡಿಬಂದ. ಬಂದೂಕನ್ನು ಬೆನ್ನಿಗೆ ಹಾಕಿ, ಬಿದ್ದವನ ಪಕ್ಕದಲ್ಲಿ ಮಂಡಿಯೂರಿ ಕೈಚಾಚಿದ.

"ಬರೀ ಸಿಮೆಂಟ್ ಗೋಡೆ ಮಧ್ಯೆ ನಿಂತೇ ಬ್ರೆಡ್ ಮಾರ್ತೀನಿ," ಎಂದ. "ಬೇರೆಯವರಿಗೆ ಕೊಡಲ್ಲ."